ಟೈರು ದೊಡ್ಡದು, ಜಾಗ ಅಷ್ಟೇ

ಕೊಡಗಿನ ಹೋಂಸ್ಟೇ ಅಂಗಳಗಳಲ್ಲಿ ಶನಿವಾರ ಬೆಳಿಗ್ಗೆ ತಪ್ಪದೆ ನಡೆಯುವ ಕಾರ್ಯಕ್ರಮವೆಂದರೆ ಟೈರು ದರ್ಶನ. ರಾತ್ರಿಯೇ ಬೆಂಗಳೂರು ಬಿಟ್ಟು ಬಂದ ಥಾರ್ ನಡುವೆ ನಿಂತಿರುತ್ತದೆ, ಸುತ್ತ ಕೈಕಟ್ಟಿಕೊಂಡ ನಾಲ್ಕು ಜನ. ಇಂಜಿನ್ ವಿಚಾರ ಯಾರಿಗೂ ಬೇಡ.

"ಎಷ್ಟು ಇಂಚು ಬ್ರೋ?"

"ಮೂವತ್ತಮೂರು."

"ಲಿಫ್ಟ್ ಕಿಟ್ ಹಾಕಿಸಿದ್ರಾ?"

"ಛೆ ಛೆ, ಅದು ಇಲ್ಲೀಗಲ್ ಅಲ್ವಾ?"

ಕಾನೂನಿನ ಮೇಲೆ ಇಷ್ಟೊಂದು ಭಕ್ತಿ ಕಂಡರೆ ಆರ್‌ಟಿಒ ಅಧಿಕಾರಿಗಳ ಕಣ್ಣು ತೇವವಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಈಗ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡವುಂಟು, ಆರು ತಿಂಗಳವರೆಗೆ ಜೈಲಿಗೂ ಅವಕಾಶವುಂಟು. ನಮ್ಮ ಭಕ್ತರ ವ್ಯಾಖ್ಯಾನ ಮಾತ್ರ ಬೇರೆ. ಸ್ಪ್ರಿಂಗ್ ಎತ್ತರಿಸಿದರೆ ಅಪರಾಧ. ಟೈರು, ಅಗಲ ರಿಮ್ಮು, ಸ್ಪೇಸರು, ಕೊಯ್ದ ಬಂಪರು ಇವೆಲ್ಲ ಬರೀ ಅಲಂಕಾರ.

ಇನ್ನು ಗಣಿತ. 2020ರ ಥಾರ್‌ನ ಮೇಲ್ದರ್ಜೆಯ ಮಾದರಿಗೆ ಕಂಪನಿ ಕೊಡುವ ಟೈರು 255/65 ಆರ್18. ಅದರ ವ್ಯಾಸ ಸುಮಾರು 789 ಮಿಲಿಮೀಟರ್. ಅದನ್ನು ಕಿತ್ತು ಹಾಕಿಸುವ 285/65 ಆರ್18ರದ್ದು ಸುಮಾರು 828. ಹೆಚ್ಚಿದ್ದು 39. ಅದರಲ್ಲಿ ಅರ್ಧ ಮಾತ್ರ ಗಾಡಿಯ ಹೊಟ್ಟೆಯನ್ನು ನೆಲದಿಂದ ಮೇಲೆತ್ತುತ್ತದೆ. ಉಳಿದರ್ಧ ಆಕ್ಸಲ್‌ನಿಂದ ಮೇಲಕ್ಕೆ, ಮಡ್‌ಗಾರ್ಡಿನೊಳಗೆ ಬೆಳೆಯುತ್ತದೆ. ಅಂದರೆ ಲಕ್ಷದ ಲೆಕ್ಕದಲ್ಲಿ ಸುರಿದ ದುಡ್ಡಿಗೆ ಸಿಕ್ಕ ಎತ್ತರ ಒಂದು ಹೆಬ್ಬೆರಳಿನಗಲ. 226 ಇದ್ದದ್ದು 245 ಆಯಿತು. ಆ 19 ಮಿಲಿಮೀಟರಿಗಾಗಿಯೇ ಕಾದು ಕೂತ ಕಲ್ಲು ಕೊಡಗಿನಲ್ಲಿ ಎಲ್ಲೋ ಒಂದು ಇರಬಹುದು, ಇಲ್ಲವೆನ್ನಲಾಗದು.

ಮಡ್‌ಗಾರ್ಡಿನೊಳಗೆ ಬೆಳೆದ ಆ ಉಳಿದರ್ಧ ಸುಮ್ಮನಿರುವುದಿಲ್ಲ. ತೋಟದ ಗೇಟಿನಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದ ಕೂಡಲೇ ಗರ್ರೆನ್ನುತ್ತದೆ. ಖಾಲಿ ಗಾಡಿ ಹೇಗೋ ತೆಪ್ಪಗಿರುತ್ತದೆ. ನಾಲ್ವರು ಗೆಳೆಯರು, ಐಸ್ ಪೆಟ್ಟಿಗೆ, ಹಂದಿಕರಿಯ ಪಾತ್ರೆ ಎಲ್ಲ ಏರಿ ಸ್ಪ್ರಿಂಗ್ ಕುಗ್ಗಿದ ಮೇಲೆ ಪ್ರತಿ ಗುಂಡಿಗೂ ಟೈರು ಹೋಗಿ ಮಡ್‌ಗಾರ್ಡನ್ನು ಮುಟ್ಟಿ ಬರುತ್ತದೆ. ಒಂದೇ ಏಟಿಗೆ ತಿರುಗುತ್ತಿದ್ದ ತಿರುವಿನಲ್ಲಿ ಈಗ ಎರಡು ಸಲ ರಿವರ್ಸ್. ಹಿಂದೆ ಕಾಫಿ ಮೂಟೆ ಹೊತ್ತ ಪಿಕಪ್ ಹಾರ್ನ್ ಹೊಡೆಯುತ್ತಾ ನಿಂತಿರುತ್ತದೆ.

ಮೆಕ್ಯಾನಿಕ್ ಬಳಿ ಇದಕ್ಕೆ ಮದ್ದುಂಟು. ಮೊದಲು ಒಳಗಿನ ಪ್ಲಾಸ್ಟಿಕ್ಕನ್ನು ಬಿಸಿಗಾಳಿಯಲ್ಲಿ ಮೆತ್ತಗಾಗಿಸಿ ಒತ್ತುತ್ತಾನೆ. ಸಾಲದಿದ್ದರೆ ತಗಡಿನ ಅಂಚಿಗೆ ಸುತ್ತಿಗೆ, ಅದೂ ಸಾಲದಿದ್ದರೆ ಬಂಪರಿಗೆ ಗ್ರೈಂಡರ್. "ಸ್ವಲ್ಪ ಕಟ್ ಮಾಡಿದ್ರೆ ಸರಿಯಾಗ್ತದೆ ಸಾರ್." ಟೈರಿಗೆ ಗಾಡಿ ಅಳವಡಿಸುವ ಕೆಲಸ ಹೀಗೆ ಸುಸೂತ್ರವಾಗಿ ಸಾಗುತ್ತದೆ. ಗೇರಿನ ಬಲ ಶೇಕಡಾ 5ರಷ್ಟು ತಗ್ಗಿ ಏರಿನಲ್ಲಿ ಇಂಜಿನ್ ಏದುಸಿರು ಬಿಡುವುದು, ಭಾರದ ಚಕ್ರ ನಿಲ್ಲಿಸಲು ಬ್ರೇಕು ಹೆಚ್ಚು ಒದ್ದಾಡುವುದು, ಇವೆಲ್ಲ ಫೋಟೋದಲ್ಲಿ ಬೀಳುವುದಿಲ್ಲ. ಮೀಟರ್ ಮಾತ್ರ ಮೊದಲಿಗಿಂತ ಕಡಿಮೆ ವೇಗ ತೋರಿಸುತ್ತದೆ. ಮೈಸೂರು ಹೆದ್ದಾರಿಯ ಕ್ಯಾಮೆರಾಗಳಿಗೆ ಅದು ಗೊತ್ತಿಲ್ಲ, ಪಾಪ.

ಇದೇ ಊರಿನ ತೋಟಗಳಲ್ಲಿ ಹಳೇ ಜೀಪುಗಳಿವೆ. 6.00-16ರ ಸಪೂರ ಟೈರು. ಕಕ್ಕಡದ ಮಳೆ ಹಿಡಿದರೆ ಅದಕ್ಕೊಂದು ಕಬ್ಬಿಣದ ಚೈನು ಸುತ್ತುತ್ತಾರೆ, ಮುಗಿಯಿತು. ಸಪೂರ ಟೈರು ಮೇಲಿನ ಲೊಳಲೊಳ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ. ಅಗಲದ್ದು ತೇಲುತ್ತದೆ, ಮರಳುಗಾಡಿನಲ್ಲಿ ಅದೇ ಬೇಕು. ಕೊಡಗಿನಲ್ಲಿ ಒಂಟೆಗಳು ಬರುವ ದಿನಕ್ಕೆ ನಮ್ಮ ಹುಡುಗರು ಈಗಲೇ ಸಜ್ಜಾಗಿದ್ದಾರೆ. ಇರುವ ಟೈರಿನ ಗಾಳಿಯನ್ನೇ ಸ್ವಲ್ಪ ಇಳಿಸಿದರೆ ಅದು ಚಪ್ಪಟೆಯಾಗಿ ನೆಲವನ್ನು ಚೆನ್ನಾಗಿ ಕಚ್ಚುತ್ತದೆ ಎಂದು ಯಾರಾದರೂ ಹೇಳಿ ನೋಡಿ. ಪೈಸೆ ಖರ್ಚಿಲ್ಲದ ಸಲಹೆಗೆ ಅಂಗಳದಲ್ಲಿ ಮರ್ಯಾದೆಯಿಲ್ಲ.

ಗಾಡಿ ಕೊನೆಗೆ ಮಾಂದಲಪಟ್ಟಿಗೆ ಹೊರಡುತ್ತದೆ. 2008ರ 'ಗಾಳಿಪಟ' ಸಿನಿಮಾ ಮುಗಿಲುಪೇಟೆಯೆಂದು ತೋರಿಸಿದ ಮೇಲೆ ಆ ಬೆಟ್ಟಕ್ಕೆ ನೆಮ್ಮದಿಯಿಲ್ಲ. ದಾರಿಯ ಚೂಪುಗಲ್ಲು ಇಂಚು ನೋಡಿ ಬಿಡುವ ಜಾತಿಯದಲ್ಲ, ಪಂಕ್ಚರ್. ಹಿಂಬಾಗಿಲಲ್ಲಿ ಸ್ಟೆಪ್ನಿ ನೇತಾಡುತ್ತಿದೆ, ಆದರೆ ಅದು ಕಂಪನಿ ಕೊಟ್ಟ ಹಳೇ ಅಳತೆಯದು. ನಾಲ್ಕು ಕೊಳ್ಳುವ ಹೊತ್ತಿಗೆ ಐದನೆಯದರ ಕಾಸು ಮುಗಿದಿತ್ತು. ಮೂರು ದೊಡ್ಡದು, ಒಂದು ಸಣ್ಣದು; ಗಾಡಿ ಒಂದು ಕಡೆಗೆ ವಾಲಿ ನಿಂತಿತು. ಈ ಸ್ಥಿತಿಯಲ್ಲಿ ಫೋರ್ ಬೈ ಫೋರ್ ಹಾಕಿದರೆ ಡಿಫರೆನ್ಷಿಯಲ್‌ಗೆ ಪೆಟ್ಟು ಎಂದು ಗೆಳೆಯನೊಬ್ಬ ಮೊಬೈಲ್ ನೋಡಿ ಓದಿದ. ಹಾಕದಿದ್ದರೆ ಗಾಡಿ ಕೆಸರು ಬಿಟ್ಟು ಮೇಲೆ ಬಾರದು.

ಅಷ್ಟರಲ್ಲಿ ಆರು ಪ್ರವಾಸಿಗರನ್ನು ತುಂಬಿಕೊಂಡ ಹಳೇ ಜೀಪೊಂದು ಇಳಿದು ಬಂತು. ಚಾಲಕ ಇಳಿದು ಹಗ್ಗ ಬಿಗಿದ, ಎಳೆದು ಮೇಲೆ ನಿಲ್ಲಿಸಿದ. ಬೀಡಿ ಹಚ್ಚಿ ಟೈರನ್ನು ಒಂದು ಸುತ್ತು ನೋಡಿದ.

"ಟೈರು ಭಾರೀ ಚೆಂದ ಉಂಟು ಸಾರ್. ಎಷ್ಟಾಯ್ತು?"

ಥಾರ್‌ನ ಯಜಮಾನ ಉಬ್ಬಿ ರೇಟು ಹೇಳಿದ.

"ಹಾಗಾದ್ರೆ ಎಳೆದದ್ದಕ್ಕೆ ಎರಡು ಸಾವಿರ ಕೊಡಿ. ಸಣ್ಣ ಟೈರಿನವರಿಗೆ ಐನೂರೇ ತಗೊಳ್ಳೋದು."