ಅಂಬಾರಿ ಆನೆ ಅಭಿಮನ್ಯುವಿಗೆ ತಿತಿಮತಿಯಿಂದ ಬಹಿರಂಗ ಪತ್ರ

ಮತ್ತಿಗೋಡು ಶಿಬಿರದ ನಿವಾಸಿ, 2020ರಿಂದ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊರುತ್ತಿರುವ ಶ್ರೀ ಅಭಿಮನ್ಯು ಅವರಿಗೆ,

ನೆರೆಯೂರಿನವರೆಂಬ ಸಲುಗೆಯಿಂದ ಬರೆಯುತ್ತಿದ್ದೇನೆ. ಓದಲು ಬಾರದ ಮಕ್ಕಳ ವಿಚಾರವನ್ನು ಓದು ಬಲ್ಲವರಿಗೆ ಬರೆದರೆ ‘ವರದಿ ತರಿಸಿಕೊಳ್ಳುತ್ತೇವೆ’ ಎಂದು ಪತ್ರವನ್ನು ಫೈಲಿಗೆ ಸೇರಿಸುತ್ತಾರೆ. ತಮ್ಮಿಂದ ಆ ಭಯವಿಲ್ಲ. ಅಲ್ಲದೆ ನಮ್ಮ ಮಕ್ಕಳಿಗಿಲ್ಲದ ಒಂದು ಭಾಗ್ಯ ತಮಗಿದೆ: ತಮ್ಮನ್ನು ತೂಗುತ್ತಾರೆ. ಮೈಸೂರಿಗೆ ಹೋದೊಡನೆ ಧನ್ವಂತರಿ ರಸ್ತೆಯ ವೇಬ್ರಿಡ್ಜ್ ಹತ್ತಿಸುತ್ತಾರೆ. ತಾವು ಐದು ಸಾವಿರ ಕಿಲೋ ದಾಟಿದ ಸುದ್ದಿ ಮರುದಿನ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಆಮೇಲೆ ಹೆಸರುಕಾಳು, ಉದ್ದಿನಕಾಳು, ಬೆಲ್ಲ, ಬೆಣ್ಣೆ ತಿನ್ನಿಸಿ ಮತ್ತೆ ತೂಗುತ್ತಾರೆ. ಮೂರನೇ ತರಗತಿಯ ಮಗುವಿಗೆ ಒಂದು ಪುಟ್ಟ ಕಥೆ ಓದಲು ಬರುತ್ತದೆಯೇ ಎಂದು ಊರಲ್ಲಿ ಯಾರೂ ತೂಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ವಿದ್ಯೆ ಬಂದಂತೆ ಲೆಕ್ಕ.

ಈ ಲೆಕ್ಕ ಪೊಳ್ಳೆಂದು ‘ಪ್ರಥಮ್’ ಸಂಸ್ಥೆಯ ಅಸರ್ ಸಮೀಕ್ಷೆ 2005ರಿಂದ ತೋರಿಸುತ್ತಲೇ ಇದೆ. ಸ್ವಯಂಸೇವಕರು ಮನೆ ಮನೆಗೆ ಹೋಗಿ ಮಗುವಿನ ಮುಂದೆ ಒಂದು ಹಾಳೆ ಹಿಡಿಯುತ್ತಾರೆ: ಅಕ್ಷರ, ಪದ, ನಾಲ್ಕು ಸಾಲು, ಪುಟ್ಟ ಕಥೆ, ಲೆಕ್ಕಕ್ಕೆ ಅಂಕಿ ಗುರುತಿಸುವುದು, ದಶಕ ತಂದು ಕಳೆಯುವುದು, ಭಾಗಾಕಾರ. 2024ರಲ್ಲಿ ಗ್ರಾಮೀಣ ಭಾರತದ 6ರಿಂದ 14 ವರ್ಷದ ಮಕ್ಕಳಲ್ಲಿ ಶೇ 98ರಷ್ಟು ಮಂದಿ ಶಾಲೆಗೆ ದಾಖಲಾಗಿದ್ದರು. ಮೂರನೇ ತರಗತಿಯವರಲ್ಲಿ ಎರಡನೇ ತರಗತಿಯ ಮಟ್ಟದ ಪಾಠ ಓದಿದವರು ಶೇ 27 ಮಾತ್ರ. ಐದನೆಯವರಲ್ಲೂ ಅರ್ಧದಷ್ಟು ಮಂದಿ ಓದಲಾರದೆ ಹೋದರು. ಇನ್ನು ತಿತಿಮತಿ ಸುತ್ತಿನ ಹಾಡಿಗಳ ಜೇನು ಕುರುಬ, ಯರವ ಮಕ್ಕಳ ಮನೆಮಾತೇ ಬೇರೆ, ಶಾಲೆಯ ಕನ್ನಡವೇ ಬೇರೆ. ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರ ಮಕ್ಕಳೂ ಇದ್ದಾರೆ. ಕಾಫಿ ಕುಯ್ಲು ಶುರುವಾದರೆ ಅಪ್ಪ ಅಮ್ಮ ಹೋದ ತೋಟಕ್ಕೆ ಮಗುವೂ ಹೋಗುತ್ತದೆ. ಇಲ್ಲಿ ತೂಗುವ ಕೆಲಸ ಬೇರೆಡೆಗಿಂತ ಮೊದಲು ಆಗಬೇಕಿತ್ತು.

ತೂಗಿದ ಮಾತ್ರಕ್ಕೆ ಆನೆ ದಪ್ಪವಾಗುತ್ತದೆಯೇ ಎನ್ನುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಅದಕ್ಕೂ ಮೊದಲೇ ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಇದನ್ನು ಪರೀಕ್ಷಿಸಿದ್ದರು. ಊರವರನ್ನು ಕೂರಿಸಿ, ಮಕ್ಕಳ ಸ್ಥಿತಿ ತಿಳಿಸಿ, ಶಿಕ್ಷಣ ಸಮಿತಿಯ ಅಧಿಕಾರ ವಿವರಿಸಿ ಸುಮ್ಮನಾದ ಕಡೆ ಕಲಿಕೆ ಸುಧಾರಿಸಲಿಲ್ಲ. ಊರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಓದಿನ ಶಿಬಿರ ನಡೆಸಿದ ಕಡೆ, ಬಂದ ಮಕ್ಕಳು ಚೆನ್ನಾಗಿಯೇ ಮುಂದುವರಿದರು. ಆದರೆ ಬಂದವರು ನೂರಕ್ಕೆ ಎಂಟು ಮಂದಿ. ಸಭೆ, ಹಾರ, ವಂದನಾರ್ಪಣೆಗಳಲ್ಲಿ ಪಳಗಿದ ನಮಗೆ ಸಭೆಯಿಂದ ಕಲಿಕೆ ಬಾರದೆಂಬುದು ಕಹಿ ಸುದ್ದಿ. ಶಿಬಿರಕ್ಕೆ ಮಕ್ಕಳು ಬಾರದಿದ್ದರೆ ಶಿಬಿರವೇ ಮಕ್ಕಳಿದ್ದಲ್ಲಿಗೆ ಹೋಗಬೇಕು. ಕತ್ತಲಾದ ಮೇಲೆ ನಮ್ಮ ರಸ್ತೆಗಳು ತಮ್ಮ ಕಾಡಿನ ಬಂಧುಗಳ ವಶವಾಗುವುದರಿಂದ ಅದು ಹಗಲಿನಲ್ಲೇ, ಹಾಡಿಯ ಅಂಗಳದಲ್ಲಿ, ಲೈನ್ ಮನೆಯ ಜಗಲಿಯಲ್ಲಿ, ಕುಯ್ಲಿನ ತಿಂಗಳಲ್ಲೂ ನಡೆಯಬೇಕು.

‘ಸಂಬಳ ಪಡೆಯುವ ಮೇಷ್ಟ್ರಿರುವಾಗ ಊರಿಗೇಕೆ ಉಸಾಬರಿ?’ ಎಂಬುದು ಇನ್ನೊಂದು ಆಕ್ಷೇಪ. ಕಲಿಸುವುದು ಶಾಲೆಯ ಕೆಲಸವೇ. ಊರು ಕೈಜೋಡಿಸಿದರೆ ಆ ಹೊಣೆ ಇಳಿಯುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಊರಿನ ನೆರವು ಬೇಕಾಗುವುದು ಇಂಥ ಕಡೆ: 52ರಲ್ಲಿ 17 ಕಳೆದು ಮಗು 45 ಎಂದು ಬರೆಯಿತೆನ್ನಿ. ಅದು ದಡ್ಡತನವಲ್ಲ: ಎರಡರಲ್ಲಿ ಏಳು ಹೋಗದೆಂದು ಮಗು ಏಳರಲ್ಲಿ ಎರಡನ್ನು ಕಳೆದಿದೆ, ಅಷ್ಟೇ. ಅದಕ್ಕೆ ಬೇಕಾದ್ದು ಬೈಗುಳವಲ್ಲ, ಹತ್ತು ಕಡ್ಡಿಗಳ ಒಂದು ಕಟ್ಟು. ಪಠ್ಯ ಮುಗಿಸುವ ಧಾವಂತದ ತರಗತಿಗೆ ಕಟ್ಟು ಬಿಚ್ಚಿ ತೋರಿಸಲು ಪುರುಸೊತ್ತಿಲ್ಲ. ಹಾಡಿಯ ಪಿಯುಸಿ ಓದಿದ ಹುಡುಗಿಗೆ ಇದೆ. ಮಗುವನ್ನು ಅದರ ಮಟ್ಟದಿಂದಲೇ ಮುಂದಕ್ಕೆ ಕರೆದೊಯ್ಯಬೇಕೆಂಬ ನಲಿಕಲಿ ಪದ್ಧತಿ 1995ರಲ್ಲಿ ಮೊಳೆತದ್ದು ನಾಗರಹೊಳೆಯ ಆಚೆ ಬದಿಯ ಹೆಗ್ಗಡದೇವನಕೋಟೆಯಲ್ಲೇ. ಓದು ಬಾರದ ತಾಯಿ ಮಗುವಿನ ಓದನ್ನೇನು ನೋಡಿಯಾಳು ಎನ್ನುವವರಿಗೂ ಉತ್ತರವಿದೆ: ಓದು ಸರಾಗವಾಗಿದೆಯೇ, ತಡವರಿಸುತ್ತಿದೆಯೇ ಎಂದು ತಿಳಿಯಲು ಅಕ್ಷರ ಬೇಡ, ಕಿವಿ ಸಾಕು.

ಆದ್ದರಿಂದ ತಮ್ಮ ಮೂಲಕ ಪಂಚಾಯಿತಿಗೂ ಎಸ್‌ಡಿಎಂಸಿಗೂ ತೋಟದ ಮಾಲೀಕರಿಗೂ ಒಂದು ಬೇಡಿಕೆ. ಜೂನ್‌ನಲ್ಲಿ ಒಮ್ಮೆ, ಕುಯ್ಲು ಮುಗಿದ ಮೇಲೆ ಇನ್ನೊಮ್ಮೆ ಊರಿನ ಪ್ರತಿ ಮಗುವಿನ ಮುಂದೆ ಅಸರ್‌ನ ಆ ಹಾಳೆ ಹಿಡಿಯಲಿ. ಯಾವ ಮಗುವಿನ ಹೆಸರೂ ಬೇಡ, ಎಷ್ಟು ಮಂದಿ ಓದಿದರೆಂಬ ಸಂಖ್ಯೆಯನ್ನಷ್ಟೇ ಪಂಚಾಯಿತಿ ಬೋರ್ಡಿನಲ್ಲಿ ಬರೆಯಲಿ, ನಾಚಿಕೆಪಡಬೇಕಾದವರು ದೊಡ್ಡವರು. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಎಲ್ಲರಿಗೂ ಓದು, ಲೆಕ್ಕ ಎಂದು ಕೇಂದ್ರದ ನಿಪುಣ್ ಭಾರತ್ ಯೋಜನೆ ಹಾಕಿಕೊಂಡ ಗಡುವು 2026–27. ಹಾಳೆಯ ಖರ್ಚು ತಮ್ಮ ಒಂದು ಹೊತ್ತಿನ ಬೆಣ್ಣೆಯಷ್ಟೂ ಆಗದು. ಟೆಂಡರ್ ಕರೆಯುವಷ್ಟು ದುಡ್ಡು ಅದರಲ್ಲಿಲ್ಲ ಎಂಬುದೊಂದೇ ಅದರ ದೋಷವಿರಬೇಕು.

ಇಂತಿ,
ತಿತಿಮತಿಯ ಒಬ್ಬ ತೆರಿಗೆದಾರ