ತಿಮ್ಮಣ್ಣನ ಹುಲ್ಲು

(ಗಾಂಧಿಬಜಾರು. ಭಾನುವಾರ ಬೆಳಗ್ಗೆ ಏಳೂವರೆ. ಗೌರಮ್ಮ ಸೊಪ್ಪಿನ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತಿದ್ದಾಳೆ. ಪಕ್ಕದ ಕಟ್ಟೆಯ ಮೇಲೆ ಮೇಷ್ಟ್ರು ಪೇಪರು ಹರಡಿಕೊಂಡು ಕೂತಿದ್ದಾರೆ. ಹೆಗಲಿಗೆ ಬಟ್ಟೆಚೀಲ, ಕೈಯಲ್ಲಿ ಲ್ಯಾಮಿನೇಟ್ ಮಾಡಿಸಿದ ಚಾರ್ಟು ಹಿಡಿದು ಶ್ರೀಧರ ಬರುತ್ತಾನೆ.)

ಶ್ರೀಧರ: ಗೌರಮ್ಮ, ನೇರಳೆ ಬಣ್ಣದ್ದು ಏನಿದೆ?

ಗೌರಮ್ಮ: ಸೀರೆ ಅಂಗಡಿ ಆ ಕಡೆ ಐತಣ್ಣ. ಇದು ಸೊಪ್ಪಿನಂಗಡಿ. ಇಲ್ಲಿರೋದೆಲ್ಲ ಹಸಿರೇ.

ಶ್ರೀಧರ: ಹಸಿರು ಗುರುವಾರ ಮುಗೀತು. ಇವತ್ತು ಸಹಸ್ರಾರ ಚಕ್ರದ ದಿನ.

ಗೌರಮ್ಮ: ಚಕ್ರಮುನಿ ಸೊಪ್ಪಾ? ಐತೆ, ಕಟ್ಟು ಇಪ್ಪತ್ತು ರೂಪಾಯಿ.

ಶ್ರೀಧರ: ಸೊಪ್ಪಲ್ಲ, ಚಕ್ರ. ದೇಹದೊಳಗೆ ಇರುತ್ತಲ್ಲ, ಅದು. ಪ್ರಾಣಕ್ಕೆ ಬೇಕಾಗಿತ್ತು.

ಗೌರಮ್ಮ: (ಚೊಂಬು ಕೆಳಗಿಟ್ಟು) ಯಾರ ಪ್ರಾಣಕ್ಕೇನಾಯ್ತಣ್ಣ? ಅಮ್ಮಾವ್ರು ಚೆನ್ನಾಗವ್ರಾ?

ಶ್ರೀಧರ: ಅಮ್ಮ ಚೆನ್ನಾಗಿದಾರೆ. ಪ್ರಾಣ ಅಂದ್ರೆ ನಮ್ಮ ಮೊಲ. ಎಂಟು ತಿಂಗಳು, ಎರಡು ಕಿಲೋ.

ಮೇಷ್ಟ್ರು: ಹಾಗಾದ್ರೆ ನಿಮ್ಮ ಮನೇಲಿ ‘ಪ್ರಾಣ ತಿಂತಾ ಇದೆ’ ಅಂದ್ರೆ ಸಂತೋಷದ ಸುದ್ದಿ ಅನ್ನು.

ಶ್ರೀಧರ: ತಮಾಷೆ ಅಲ್ಲ ಮೇಷ್ಟ್ರೇ. ನಾವು ಆರು ವಾರದಿಂದ ಚಕ್ರ ಡಯಟ್ ಮಾಡ್ತಿದೀವಿ. ಏಳು ಚಕ್ರ, ಏಳು ಬಣ್ಣ, ಏಳು ದಿನ. ಆನ್‌ಲೈನ್ ಕೋರ್ಸು. ಮನೇಲಿ ನಾವಷ್ಟೇ ಶುದ್ಧಿಯಾಗಿ ಮೊಲ ಹಾಗೇ ಉಳಿದ್ರೆ ಎನರ್ಜಿ ಒಂದು ಕಡೆ ವಾಲುತ್ತಂತೆ. ಅದಕ್ಕೇ ಪ್ರಾಣಕ್ಕೂ ಚಾರ್ಟ್ ಮಾಡಿಸಿದೆ.

ಗೌರಮ್ಮ: ಓದಿ ನೋಡಣ.

ಶ್ರೀಧರ: ಸೋಮವಾರ ಕೆಂಪು, ಮೂಲಾಧಾರ. ಬೀಟ್‌ರೂಟ್. ಕೊಟ್ಟ ಮಾರನೇ ದಿನವೇ ರಿಸಲ್ಟ್! ಮೂತ್ರ ಕೆಂಪಗೆ ಬಂತು. ಒಳಗಿನ ಟಾಕ್ಸಿನ್ ಎಲ್ಲಾ ಹೊರಗೆ. ಗ್ರೂಪಿಗೆ ಫೋಟೋ ಹಾಕಿದ್ರೆ ಮೂವತ್ತೆರಡು ಜನ ಕೈಮುಗಿದ್ರು.

ಗೌರಮ್ಮ: ಬೀಟ್‌ರೂಟ್ ತಿಂದ್ರೆ ನಿಮಗೂ ಕೆಂಪಗೇ ಹೋಯ್ತದೆ. ಅದಕ್ಕೂ ಕೈಮುಗೀತಾರಾ?

(ಮೇಷ್ಟ್ರ ಪೇಪರು ಅಲುಗಾಡುತ್ತದೆ.)

ಗೌರಮ್ಮ: ಅದು ತರಕಾರಿ ಬಣ್ಣ ಕಣಣ್ಣ, ಟಾಕ್ಸಿನ್ನೂ ಅಲ್ಲ ಗೀಕ್ಸಿನ್ನೂ ಅಲ್ಲ. ಬಣ್ಣದ್ದು ನಿಲ್ಲಿಸಿದ ಮ್ಯಾಲೂ ಕೆಂಪಗೇ ಬಂದ್ರೆ, ಇಲ್ಲಾ ಮುಕ್ಕರೀತಾ ಕೂತ್ರೆ, ಆಗ ಡಾಕ್ಟ್ರ ಹತ್ರ ಓಡಬೇಕು.

ಶ್ರೀಧರ: ನಿಮಗೆ ಇದೆಲ್ಲ ಹೇಗೆ ಗೊತ್ತು?

ಗೌರಮ್ಮ: ಮಗಳು ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಮೂರನೇ ವರ್ಸ. ರಾತ್ರಿ ಉಣ್ಣುವಾಗ ಪಾಠ ಪೂರಾ ನನಗೇ ಒಪ್ಪಿಸ್ತಾಳೆ. ಒಂದಿನ ಹಸು ಹೊಟ್ಟೆ, ಒಂದಿನ ಕುರಿ ಹೊಟ್ಟೆ, ಒಂದಿನ ಮೊಲದ ಹೊಟ್ಟೆ. ನನಗೆ ಮುದ್ದೆ ಇಳಿಯಲ್ಲ, ಪಾಠ ಇಳೀತದೆ. ಮುಂದಕ್ಕೋದಿ.

ಶ್ರೀಧರ: ಮಂಗಳವಾರ ಕಿತ್ತಳೆ, ಸ್ವಾಧಿಷ್ಠಾನ. ಕಾಲು ಕಿಲೋ ಕ್ಯಾರೆಟ್. ಇದಕ್ಕಂತೂ ನೀವು ಏನೂ ಅನ್ನೋ ಹಾಗಿಲ್ಲ. ಮೊಲ ಅಂದ್ರೆ ಕ್ಯಾರೆಟ್ಟು, ಕ್ಯಾರೆಟ್ಟು ಅಂದ್ರೆ ಮೊಲ.

ಮೇಷ್ಟ್ರು: ಅದನ್ನ ನಿನಗೆ ಹೇಳಿಕೊಟ್ಟಿದ್ದು ಬಗ್ಸ್ ಬನ್ನಿ. ಆ ಕಾರ್ಟೂನ್ ಮೊಲ ಹಾಗೆ ನಿಂತ್ಕೊಂಡು ಕ್ಯಾರೆಟ್ ಕಡಿಯೋದನ್ನ ಕಲಿತಿದ್ದು ಮೊಲದಿಂದಲ್ಲ ಕಣಯ್ಯಾ, ಕ್ಲಾರ್ಕ್ ಗೇಬಲ್‌ನಿಂದ. 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಸಿನಿಮಾದಲ್ಲಿ ಆತ ಬೇಲಿಗೊರಗಿ ಕ್ಯಾರೆಟ್ ಕಡೀತಾ ಗಡಗಡ ಮಾತಾಡ್ತಾನೆ. ನೀನು ಕಾಲು ಕಿಲೋ ತಿನ್ನಿಸ್ತಿರೋದು ಹಾಲಿವುಡ್ ಹೀರೋಗೆ.

ಗೌರಮ್ಮ: ಕ್ಯಾರೆಟ್ಟಲ್ಲಿ ಸಕ್ಕರೆ ಜಾಸ್ತಿ ಅಣ್ಣ. ಮೊಲಕ್ಕೆ ಅದು ಮೈಸೂರುಪಾಕು ಇದ್ದಂಗೆ. ವಾರಕ್ಕೆ ಒಂದೆರಡು ಬಿಲ್ಲೆ, ಬಾಯಿಚಪಲಕ್ಕೆ. ಬಾಳೆಹಣ್ಣೂ ಹಂಗೇ.

ಶ್ರೀಧರ: ಬುಧವಾರ ಹಳದಿ, ಮಣಿಪೂರ... (ಸಣ್ಣ ದನಿಯಲ್ಲಿ) ಎರಡು ಬಾಳೆಹಣ್ಣು.

ಗೌರಮ್ಮ: ಶಿವನೇ.

ಶ್ರೀಧರ: ಗುರುವಾರ ಹಸಿರು, ಅನಾಹತ. ಪಾಲಕ್ಕು, ಮೇಲೊಂದು ಚಮಚ ಮೊರಿಂಗಾ ಪೌಡರ್. ಸೂಪರ್‌ಫುಡ್. ನೂರು ಗ್ರಾಮಿಗೆ ಮುನ್ನೂರು ರೂಪಾಯಿ.

ಗೌರಮ್ಮ: ಮೊರಿಂಗಾ ಅಂದ್ರೆ?

ಮೇಷ್ಟ್ರು: ನುಗ್ಗೆಸೊಪ್ಪು.

ಗೌರಮ್ಮ: (ಕಾಲಬುಡದ ಕಟ್ಟು ಎತ್ತಿ ತೋರಿಸಿ) ಇದಾ? ಹತ್ತು ರೂಪಾಯಿ ಅಂದ್ರೆ ‘ಐದಕ್ಕೆ ಕೊಡಿ’ ಅಂತಿದ್ರಲ್ಲ ಹೋದ ವಾರ! ನಾಳೆಯಿಂದ ನಾನೂ ಒಣಗಿಸಿ ಪುಡಿ ಮಾಡಿ ಇಂಗ್ಲಿಷಲ್ಲಿ ಮಾರ್ತೀನಿ. ಆದ್ರೆ ಮೊಲಕ್ಕೆ ಇದು ಅಪರೂಪಕ್ಕೆ ಎರಡೆಲೆ ಸಾಕು. ನಾವಾದ್ರೆ ಸುಣ್ಣದಂಶ ಎಷ್ಟು ಬೇಕೋ ಅಷ್ಟೇ ಹೀರ್ಕೋತೀವಿ. ಮೊಲ ತಿಂದಷ್ಟೂ ಹೀರ್ಕೊಂಡು ಮಿಕ್ಕಿದ್ದನ್ನ ಮೂತ್ರದಲ್ಲಿ ಬಿಡ್ತದೆ. ಅತಿಯಾದ್ರೆ ಮರಳು ಕಟ್ತದೆ, ಕಲ್ಲು ಕಟ್ತದೆ. ಪಾಲಕ್ಕೂ ದಿನಾ ಬೇಡ, ಆಕ್ಸಲೇಟ್ ಅಂತ ಏನೋ ಜಾಸ್ತಿ ಅದ್ರಲ್ಲಿ.

ಶ್ರೀಧರ: ಶುಕ್ರವಾರ ನೀಲಿ, ವಿಶುದ್ಧ. ನೀಲಿ ತರಕಾರಿ ಸಿಗಲಿಲ್ಲ, ಶಂಖಪುಷ್ಪದ ಟೀ ಇಟ್ಟೆ. ಕುಡೀಲಿಲ್ಲ. ಅದಕ್ಕೆ ಟೀ ಪುಡಿನೇ ಹಾಕಿಲ್ಲ, ಬರೀ ಹೂವು. ಆದ್ರೂ ಮೂಸಿ ಬೆನ್ನು ತಿರುಗಿಸ್ತು.

ಮೇಷ್ಟ್ರು: ಕಾಫಿ ಊರಲ್ಲಿ ಹುಟ್ಟಿದ ಮೊಲ.

ಶ್ರೀಧರ: ಶನಿವಾರ ಬದನೆಕಾಯಿ, ಆಜ್ಞಾ. ಇವತ್ತು ಈರುಳ್ಳಿ. ಬಣ್ಣ ಸರಿಯಾಗಿ ಹೊಂದುತ್ತೆ.

ಗೌರಮ್ಮ: (ಎದ್ದೇ ನಿಂತು) ಈರುಳ್ಳಿ ಮುಟ್ಟಿಸಿದ್ರೆ ನೋಡಿ! ಈರುಳ್ಳಿ, ಬೆಳ್ಳುಳ್ಳಿ ಮೊಲದ ರಕ್ತ ಕೆಡಿಸ್ತವೆ. ಬದನೆ, ಟೊಮೆಟೊ, ಆಲೂಗಡ್ಡೆ ಗಿಡದ ಎಲೆನೂ ವಿಷ. ಬೆಣ್ಣೆಹಣ್ಣೂ ಕೂಡದು.

ಶ್ರೀಧರ: ನ್ಯಾಚುರಲ್ ಅಲ್ವಾ ಗೌರಮ್ಮ?

ಗೌರಮ್ಮ: ಕಣಗಿಲೆನೂ ನ್ಯಾಚುರಲ್ಲೇ. ಪಲ್ಯ ಮಾಡ್ಕೊಂಡು ತಿನ್ರಿ.

ಮೇಷ್ಟ್ರು: (ಪೇಪರು ಮಡಿಸಿ) ಮೊಲದ ಮಾತು ಗೌರಮ್ಮ ಹೇಳಿದಳು, ಚಕ್ರದ ಮಾತು ನಾನು ಹೇಳ್ತೀನಿ ಕೇಳು. ಪೂರ್ಣಾನಂದ ಯತಿಗಳ ‘ಷಟ್ಚಕ್ರನಿರೂಪಣ’ ಅಂತ ಒಂದು ಗ್ರಂಥ, 1577ರದ್ದು. ಕಲ್ಕತ್ತಾ ಹೈಕೋರ್ಟಿನಲ್ಲಿ ಜಡ್ಜಾಗಿದ್ದ ಜಾನ್ ವುಡ್ರೋಫ್ 1919ರಲ್ಲಿ ಅದನ್ನ ಇಂಗ್ಲಿಷಿಗೆ ತಂದ. ಅದರಲ್ಲಿ ಅನಾಹತದ ದಳ ಬಂದುಗೆ ಹೂವಿನ ಹಾಗೆ ಕೆಂಪು. ಮಣಿಪೂರದ್ದು ಮಳೆಮೋಡದ ಹಾಗೆ ಕಪ್ಪು. ನಿನ್ನ ಹಸಿರೂ ಇಲ್ಲ, ಬಾಳೆಹಣ್ಣಿನ ಹಳದಿಯೂ ಇಲ್ಲ. ಕಾಮನಬಿಲ್ಲನ್ನ ಕತ್ತರಿಸಿ ಚಕ್ರಕ್ಕೊಂದೊಂದು ಅಂಟಿಸಿದ್ದು ಕಳೆದ ಶತಮಾನದ ಪಶ್ಚಿಮದವರು. ಇಲ್ಲಿಂದ ಹೋದ ಬಟ್ಟೆ ಅಲ್ಲಿ ಬಣ್ಣ ಅದ್ದಿಸಿಕೊಂಡು ವಾಪಸ್ ಬಂದಿದೆ. ನೀನು ದುಡ್ಡು ಕೊಟ್ಟು ‘ನಮ್ಮ ಪ್ರಾಚೀನ ಜ್ಞಾನ’ ಅಂತ ಕೊಂಡ್ಕೋತಿದೀಯ.

ಶ್ರೀಧರ: ಕೋರ್ಸಲ್ಲಿ ಐದು ಸಾವಿರ ವರ್ಷ ಅಂದಿದ್ರು.

ಮೇಷ್ಟ್ರು: ಅದು ಫೀಸಿರಬೇಕು.

ಗೌರಮ್ಮ: ಅದಿರ್ಲಿ. ತರಕಾರಿ ತೊಳೀತೀರಾ?

ಶ್ರೀಧರ: ಮೂರು ಸಲ. ಪಿಂಕ್ ಸಾಲ್ಟ್ ನೀರಲ್ಲಿ ನೆನೆಸಿ, ನಿಂಬೆರಸ ಹಿಂಡಿ...

ಗೌರಮ್ಮ: ಒಂದು ಚೂರು ಸಾಸಿವೆ ಒಗ್ಗರಣೆ ಕೊಟ್ರೆ ಕೋಸಂಬರಿ ಆಯ್ತದೆ. ಬರೀ ನೀರಲ್ಲಿ ಚೆನ್ನಾಗಿ ತೊಳೆದು, ಒದರಿ, ಹಸಿಯಾಗೇ ಇಕ್ಕಿ ಸಾಕು. ಈಗ ಮುಖ್ಯವಾದ್ದು ಹೇಳಿ. ಹುಲ್ಲು ಏನಾಕ್ತೀರಿ?

ಶ್ರೀಧರ: ಅದರಲ್ಲಿ ಕಾಂಪ್ರಮೈಸ್ ಇಲ್ಲ. ಇಂಪೋರ್ಟೆಡ್. ತಿಮೋತಿ.

ಗೌರಮ್ಮ: ಯಾರು?

ಶ್ರೀಧರ: ತಿಮೋತಿ ಹುಲ್ಲು.

ಗೌರಮ್ಮ: ತಿಮ್ಮಣ್ಣನ ಹುಲ್ಲಾ? ಯಾವ ತಿಮ್ಮಣ್ಣ, ಮಾಗಡಿಯೋನಾ?

ಶ್ರೀಧರ: ಅಲ್ಲ, ಅಮೆರಿಕಾದ್ದು.

ಗೌರಮ್ಮ: ತಿಮ್ಮಣ್ಣ ಅಮೆರಿಕಾಕ್ಕೆ ಹೋದ್ನಾ! ಮೊನ್ನೆ ಸಂತೇಲಿ ಕುರಿ ಹಿಡ್ಕೊಂಡು ನಿಂತಿದ್ದ.

ಶ್ರೀಧರ: ತಿಮ್ಮಣ್ಣ ಅಲ್ಲ ಗೌರಮ್ಮ, ತಿ-ಮೋ-ತಿ. ಅರ್ಧ ಕಿಲೋಗೆ ನಾನೂರು.

ಗೌರಮ್ಮ: ಅರ್ಧ ಕಿಲೋ ಹುಲ್ಲಿಗೆ ನಾನೂರಾ? ಅದಕ್ಕೇ ಹೋಗವ್ನೆ ಕಳ್ಳ. ಇಲ್ಲಿ ಹೊರೆ ಕೊಟ್ರೂ ಅಷ್ಟು ಹುಟ್ಟಲ್ಲ.

ಮೇಷ್ಟ್ರು: ನೀನು ಹೇಳೋದು ಪೂರ್ತಿ ತಪ್ಪಲ್ಲ ಗೌರಮ್ಮ. ಹದಿನೆಂಟನೇ ಶತಮಾನದಲ್ಲಿ ತಿಮೋತಿ ಹ್ಯಾನ್ಸನ್ ಅಂತ ಅಮೆರಿಕಾದಲ್ಲಿ ಒಬ್ಬ ರೈತ ಆ ಹುಲ್ಲನ್ನ ಬೆಳೆಸಿ ಹರಡಿದ. ಅವನ ಹೆಸರೇ ಹುಲ್ಲಿಗೆ ನಿಂತಿತು.

ಗೌರಮ್ಮ: ನೋಡಿದ್ರಾ! ತಿಮ್ಮಣ್ಣ ಇದ್ದ ಅಂದ್ನಲ್ಲ. ಹೆಂಡ್ರು ಮಕ್ಳು?

ಶ್ರೀಧರ: ಯಾರದ್ದು?

ಗೌರಮ್ಮ: ತಿಮ್ಮಣ್ಣನದ್ದು.

ಶ್ರೀಧರ: ಗೌರಮ್ಮ, ದಯವಿಟ್ಟು ತಿಮ್ಮಣ್ಣನ್ನ ಬಿಡಿ.

ಗೌರಮ್ಮ: ನಾನ್ಯಾಕೆ ಬಿಡ್ಲಿ? ನಿಮ್ಮ ಚಾರ್ಟಲ್ಲಿ ಸರಿಯಾಗಿರೋನು ತಿಮ್ಮಣ್ಣ ಒಬ್ಬನೇ! ಮೊಲದ ಊಟದಲ್ಲಿ ನೂರಕ್ಕೆ ಎಂಬತ್ತು ಪಾಲು ಒಣಹುಲ್ಲೇ ಇರಬೇಕು. ಅದರ ಬಾಯಲ್ಲಿ 28 ಹಲ್ಲು, ಸಾಯೋವರೆಗೂ ಬೆಳೀತಾನೇ ಇರ್ತವೆ. ಹುಲ್ಲು ಅಗಿದ್ರೇನೇ ಸವೆಯೋದು. ಹೊಟ್ಟೆನೂ ಅಷ್ಟೇ, ನಾರು ತಳ್ತಾ ಇದ್ರೆ ಓಡ್ತದೆ, ಇಲ್ದಿದ್ರೆ ನಿಂತೋಯ್ತದೆ. ದಿನಕ್ಕೆಷ್ಟು ಇಕ್ತೀರಿ?

ಶ್ರೀಧರ: ತಿನ್ನೋಕಲ್ಲ ಅದು. ಹಾಸೋಕೆ. ಗ್ರೌಂಡಿಂಗಿಗೆ. ಪ್ರಾಣದ ಅಂಗಾಲಿಗೆ ಭೂಮಿತತ್ತ್ವ ತಗುಲಬೇಕಲ್ಲ?

ಗೌರಮ್ಮ: (ಹಣೆ ಚಚ್ಚಿಕೊಂಡು) ಊಟಾನ ಹಾಸಿಗೆ ಮಾಡವ್ರೆ, ಸಿಹಿತಿಂಡಿನ ಊಟ ಮಾಡವ್ರೆ!

ಶ್ರೀಧರ: ಹೇಗಿದ್ರೂ ಇವತ್ತು ಫಾಸ್ಟಿಂಗ್. ಹದಿನಾರು ಗಂಟೆ. ನಿನ್ನೆ ರಾತ್ರಿ ಎಂಟಕ್ಕೆ ತಟ್ಟೆ ತೆಗೆದೆ, ಇವತ್ತು ಹನ್ನೆರಡಕ್ಕೆ ಕೊಡ್ತೀನಿ.

(ಗೌರಮ್ಮ ಒಂದು ಕ್ಷಣ ಸುಮ್ಮನಾಗುತ್ತಾಳೆ. ಇದುವರೆಗಿನ ನಗು ಮುಖದಲ್ಲಿಲ್ಲ.)

ಗೌರಮ್ಮ: ಅಣ್ಣ, ಇದು ಆಟ ಅಲ್ಲ. ಮೊಲದ ಹೊಟ್ಟೆ ಖಾಲಿ ಇರಂಗಿಲ್ಲ. ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಕೂತ್ರೆ ನಾಳೆ ನೋಡಣ ಅನ್ನಂಗಿಲ್ಲ, ಆಗಲೇ ಆಸ್ಪತ್ರೆ. ಅದಕ್ಕೆ ವಾಂತಿನೂ ಬರಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು. ಬೆಳಗ್ಗೆ ಹೆಂಗಿತ್ತು?

ಶ್ರೀಧರ: ಓಡಾಡ್ತಿತ್ತು. ಹಿಕ್ಕೆಯೂ ಹಾಕಿತ್ತು. ಒಂದೇ ತೊಂದರೆ, ಹಾಸಿಗೆ ತಿಂತಾ ಇದೆ. ‘ಸ್ಟ್ರೆಸ್ ಈಟಿಂಗ್’ ಅಂತ ಡೈರೀಲಿ ಬರೆದಿಟ್ಟಿದೀನಿ.

ಗೌರಮ್ಮ: ತಿಮ್ಮಣ್ಣನ್ನ?

ಶ್ರೀಧರ: ಹೂಂ. ಮುಕ್ಕಾಲು ಖಾಲಿ.

ಗೌರಮ್ಮ: ನಿಮ್ಮ ಪ್ರಾಣ ಉಳಿಸಿರೋದೇ ತಿಮ್ಮಣ್ಣ ಕಣಣ್ಣ! ನೀವು ಬಾಳೆಹಣ್ಣು ಇಕ್ಕಿದ್ರಿ, ಟೀ ಕುಡಿಸಕ್ಕೋದ್ರಿ, ಉಪವಾಸ ಕೆಡವಿದ್ರಿ. ಅದು ‘ಇವನ ಸಹವಾಸ ಬೇಡ’ ಅಂತ ಹಾಸಿಗೆ ತಿಂದ್ಕೊಂಡು ಬದುಕ್ತು.

ಶ್ರೀಧರ: ಇನ್ನೊಂದು ವಿಷಯ... ಹೇಳೋಕೆ ನಾಚಿಕೆ. ತನ್ನ ಹಿಕ್ಕೆಯನ್ನ ತಾನೇ ತಿನ್ನುತ್ತೆ. ಅದನ್ನ ಬಿಡಿಸಬೇಕು ಅಂತಲೇ ಡಿಟಾಕ್ಸ್ ಶುರುಮಾಡಿದ್ದು.

ಗೌರಮ್ಮ: ಅದು ಮೆತ್ತಗಿರೋ ಹಿಕ್ಕೆ, ಬೇರೇನೇ. ಹಸು ಮೆಲುಕು ಹಾಕಲ್ವಾ, ಹಂಗೆ. ಮೊದಲ ಸಲ ದಕ್ಕದ ಸತ್ವ ಎರಡನೇ ಸಲ ದಕ್ತದೆ. ಸಿಹಿ ಜಾಸ್ತಿ ಇಕ್ಕಿದ್ರೇ ಅದನ್ನ ತಿನ್ನದೆ ಬಿಟ್ಟು ಹಿಂಬದಿಗೆಲ್ಲ ಮೆತ್ಕೊಳ್ಳೋದು.

ಶ್ರೀಧರ: ಆದ್ರೂ ನನ್ನ ಪ್ರಕಾರ, ಚಕ್ರ ಬ್ಯಾಲೆನ್ಸ್ ಆದ ಮೇಲೆ...

ಮೇಷ್ಟ್ರು: ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರನ್ನ ಗಾದೇಲಿ ಕೇಳಿದ್ದೆ. ಏಳು ಚಕ್ರ ಅನ್ನೋನನ್ನ ಇವತ್ತೇ ನೋಡಿದ್ದು. ಅಲ್ಲಯ್ಯಾ, ನಿನಗೆ ಬೇಕಾದ್ರೆ ನೀಲಿ ಟೀ ಕುಡಿ, ಪಿಂಕ್ ಉಪ್ಪು ನೆಕ್ಕು, ಹದಿನಾರು ಗಂಟೆ ಉಪವಾಸ ಬೀಳು. ನಿನಗೆ ಬಾಯಿದೆ, ಫ್ರಿಡ್ಜಿದೆ, ರಾತ್ರಿ ಕದ್ದು ಚಕ್ಕುಲಿ ತಿನ್ನೋ ಅನುಕೂಲ ಇದೆ. ಬೋನಿನಲ್ಲಿರೋದಕ್ಕೆ ಏನಿದೆ? ಅದರ ಹೊಟ್ಟೆ ಹೇಗೆ ಕೆಲಸ ಮಾಡುತ್ತೆ ಅಂತ ಕೇಳದೆ ನಿನ್ನ ನಂಬಿಕೆ ತುರುಕೋದು ಪ್ರೀತಿ ಅಲ್ಲ, ದರ್ಪ.

(ಶ್ರೀಧರ ಚಾರ್ಟನ್ನು ನಿಧಾನವಾಗಿ ಚೀಲಕ್ಕೆ ಹಾಕುತ್ತಾನೆ.)

ಶ್ರೀಧರ: ಏನೇನು ತಗೊಳ್ಳಲಿ, ಹೇಳಿ ಗೌರಮ್ಮ.

ಗೌರಮ್ಮ: (ಒಂದೊಂದೇ ಕಟ್ಟು ಎತ್ತುತ್ತಾ) ಕೊತ್ತಂಬರಿ. ಪುದೀನ. ಸಬ್ಬಸಿಗೆ. ವಾರದಲ್ಲಿ ಎರಡು ಸಲ ಮೂಲಂಗಿ ಸೊಪ್ಪು. ದಿನಕ್ಕೆ ಎರಡು ಮೂರು ಥರ, ಮಾರನೇ ದಿನ ಬದಲಾಯಿಸಿ. ಕಿಲೋ ತೂಕಕ್ಕೆ ಒಂದು ಬಟ್ಟಲು, ನಿಮ್ಮದು ಎರಡು ಕಿಲೋ, ಎರಡು ಬಟ್ಟಲು. ಬೆಳಗ್ಗೆ ಅರ್ಧ, ಸಂಜೆ ಅರ್ಧ. ಆದ್ರೆ ಇವತ್ತೇ ಎಲ್ಲಾ ಸುರೀಬೇಡಿ. ಮೊದಲು ಕೊತ್ತಂಬರಿ ಒಂದೇ, ನಾಕು ಕಡ್ಡಿ. ಎರಡು ದಿನ ಹಿಕ್ಕೆ ನೋಡಿ. ಗಟ್ಟಿಯಾಗಿ ಉಂಡುಂಡೆ ಇದ್ರೆ ಇನ್ನೊಂದು ಸೇರಿಸಿ. ಕಟ್ಟಿನ ರಬ್ಬರ್ ಬ್ಯಾಂಡು ಬಿಚ್ಚಿ ಎಸೀರಿ, ಕೊಳೆತ ಎಲೆ ಆಯ್ದು ಬಿಸಾಕಿ. ಫ್ರಿಡ್ಜಿಂದ ತೆಗೆದ ತಕ್ಷಣ ಇಕ್ಕಬೇಡಿ. ಬಟ್ಟಲಲ್ಲಿ ನೀರು ಯಾವಾಗ್ಲೂ ಇರಲಿ. ‘ಸೊಪ್ಪು ತಿನ್ನೋದಕ್ಕೆ ನೀರ್ಯಾಕೆ’ ಅನ್ನೋರ ಮಾತು ಕೇಳ್ಬೇಡಿ.

ಶ್ರೀಧರ: ಎಷ್ಟಾಯ್ತು?

ಗೌರಮ್ಮ: ಎಪ್ಪತ್ತು. ಗರಿಕೆ ಒಂದು ಕಟ್ಟು ತಗಳಿ, ಎಂಬತ್ತು. ಔಷಧಿ ಹೊಡೀದ ಜಾಗದ್ದು, ನಾನೇ ಕಿತ್ತಿರೋದು. ಇದನ್ನೂ ಚೂರುಚೂರೇ ಅಭ್ಯಾಸ ಮಾಡಿಸಿ.

ಶ್ರೀಧರ: ಗರಿಕೆ ಗಣಪತಿಗಲ್ವಾ?

ಗೌರಮ್ಮ: ಗಣಪತಿಗೆ 21 ಎಳೆ ಲೆಕ್ಕ. ಸೊಪ್ಪಿಗೆ ಬಟ್ಟಲ ಲೆಕ್ಕ. ತಿಮ್ಮಣ್ಣನಿಗೆ ಲೆಕ್ಕ ಇಲ್ಲ, ಹಗಲೂ ರಾತ್ರಿ ಮೊಲದ ಮುಂದೆ ಇರಬೇಕು. ಓಡಿ ಮನೆಗೆ.