ಏಕದಿನಯಾತ್ರಾ ಭೋಜನಾಧಿಕರಣ

ವಿಷಯ: ಮಂಗಳೂರಿನಿಂದ ಬೆಳಿಗ್ಗೆ ಹೊರಟು ಕಟೀಲು, ಉಡುಪಿ, ಆನೆಗುಡ್ಡೆ, ಕೊಲ್ಲೂರು ಎಂಬ ನಾಲ್ಕು ಕ್ಷೇತ್ರಗಳನ್ನು ಒಂದೇ ದಿನದಲ್ಲಿ ಮುಗಿಸುವುದು. ಸಂಶಯ: ನಾಲ್ಕರಲ್ಲೂ ಮಧ್ಯಾಹ್ನ ಊಟವುಂಟು, ಮಧ್ಯಾಹ್ನ ಮಾತ್ರ ಒಂದೇ. ಕೂರುವುದೆಲ್ಲಿ?

ಪೂರ್ವಪಕ್ಷ ದೊಡ್ಡಪ್ಪನವರದು. ದರ್ಶನ ಮುಖ್ಯ, ಊಟ ಆನುಷಂಗಿಕ. ಹಸಿವಾದಲ್ಲಿ ಉಂಡರಾಯಿತು ಎನ್ನುತ್ತಾರೆ. ಆದರೆ ಪ್ರಯಾಣದ ಚೀಟಿಯಲ್ಲಿ ಉಡುಪಿಯ ಎದುರಿಗೆ ‘12 ಗಂಟೆಯೊಳಗೆ’ ಎಂದು ಬರೆದು ಎರಡು ಗೆರೆ ಎಳೆದವರೂ ಅವರೇ. ಸ್ವವಚನವಿರೋಧದಿಂದ ಪೂರ್ವಪಕ್ಷ ಬಿತ್ತು.

ಸಿದ್ಧಾಂತ: ಉಡುಪಿಯ ಊಟವೇ ಧ್ರುವ, ದರ್ಶನಗಳು ಅದರ ಸುತ್ತ ತಿರುಗುವ ಗ್ರಹಗಳು. ಉಡುಪಿಯ ವಿಷಯವಾದ್ದರಿಂದ ಮಧ್ವಾಚಾರ್ಯರು ಒಪ್ಪಿದ ಮೂರೇ ಪ್ರಮಾಣಗಳಿಂದ ಸಾಧಿಸುತ್ತೇವೆ. ಪ್ರತ್ಯಕ್ಷ: ಮಧ್ವಸರೋವರದ ಹಿಂದೆ ಸೌದೆಯನ್ನೇ ರಥದಾಕಾರಕ್ಕೆ ಒಟ್ಟಿದ ಕಟ್ಟಿಗೆ ರಥ. ದೇವರ ತೇರಿನಷ್ಟೇ ಠೀವಿ ಒಲೆಯ ಸೌದೆಗೂ ಇರುವ ಊರಿದು. ಅನುಮಾನ: ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಅಷ್ಟಮಠಗಳ ಪೈಕಿ ಒಂದರಿಂದ ಇನ್ನೊಂದಕ್ಕೆ ಕೃಷ್ಣಪೂಜೆಯ ಅಧಿಕಾರ ದಾಟುತ್ತದೆ. ಅದಕ್ಕೆ ಮುಂಚಿನ ಮುಹೂರ್ತಗಳು ಯಾವುವು? ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಎಲೆ, ಅನ್ನ, ಒಲೆ, ದಾಸ್ತಾನು. ಇದಕ್ಕಿಂತ ಚೊಕ್ಕ ಅಡುಗೆ ತಯಾರಿ ಯಾವ ಮದುವೆಮನೆಯಲ್ಲೂ ಕಾಣೆ. ಅಧಿಕಾರದ ದಿನ ಗರ್ಭಗುಡಿಯ ಕೀಲಿಕೈಯೊಂದಿಗೆ ಹಸ್ತಾಂತರವಾಗುವುದು ಅಕ್ಷಯಪಾತ್ರೆ ಮತ್ತು ಸಟ್ಟುಗ. ಬೇರೆ ಕಡೆ ಅಧಿಕಾರಕ್ಕೆ ಖಡ್ಗವೋ ಮುದ್ರೆಯೋ ಗುರುತಾದರೆ ಇಲ್ಲಿ ಸಟ್ಟುಗ! ಇನ್ನು ಆಗಮ ಪ್ರಮಾಣ ಅಜ್ಜಿಯ ಮಾತು: “ಪಲ್ಲಪೂಜೆ ಆಗದೆ ಎಲೆ ಹಾಕುದಿಲ್ಲ ಮಗಾ, ಈಗಲೇ ಹೋಗಿ ಸಾಲಲ್ಲಿ ನಿಲ್ಲು.” ಅನ್ನದ ರಾಶಿಗೇ ಪೂಜೆ ಸಲ್ಲುವಲ್ಲಿ ಊಟವನ್ನು ಆನುಷಂಗಿಕ ಎನ್ನುವ ಧೈರ್ಯ ದೊಡ್ಡಪ್ಪನವರೊಬ್ಬರಿಗೇ.

ಮಧ್ವಮತದ ಪಂಚಭೇದಗಳೂ ವ್ಯಾನಿನೊಳಗೇ ಸಿದ್ಧಿಸುತ್ತವೆ. ಜೀವ-ಜೀವ ಭೇದ: ಅತ್ತಿಗೆಗೆ ಬನ್ಸ್, ಭಾವನಿಗೆ ಗೋಳಿಬಜೆ. ಜಡ-ಜಡ ಭೇದ: ಈರುಳ್ಳಿ ಬೆಳ್ಳುಳ್ಳಿ ಸೋಕದ ಮಠದ ಹುಳಿ ಬೇರೆ, ಹೆದ್ದಾರಿಯ ಸಾಂಬಾರು ಬೇರೆ. ಜೀವ-ಜಡ ಭೇದ ಮಾತ್ರ ಪಾಯಸದ ಎರಡನೇ ಸುತ್ತಿನ ಬಳಿಕ ಅಷ್ಟು ಸ್ಪಷ್ಟವಲ್ಲ. ವ್ಯಾನಿನ ಹಿಂದಿನ ಸೀಟನ್ನು ನೋಡಿದವರು ಬಲ್ಲರು. ಈಶ್ವರನಿಗೆ ಸಂಬಂಧಿಸಿದ ಉಳಿದೆರಡರಲ್ಲಿ ಕೈ ಹಾಕುವ ಯೋಗ್ಯತೆ ನಮಗಿಲ್ಲ.

ಧ್ರುವ ನಿಂತ ಮೇಲೆ ಉಳಿದದ್ದು ಸುಲಭ. ನಂದಿನಿ ನದಿಯ ನಡುವಿನ ಕಟೀಲನ್ನು ಬೆಳಿಗ್ಗೆಯೇ ಮುಗಿಸಿ ಕಿನ್ನಿಗೋಳಿ, ಮೂಲ್ಕಿಯ ಮೇಲೆ ಹೆದ್ದಾರಿ ಸೇರಬೇಕು. ಆನೆಗುಡ್ಡೆಯ ಗಣಪತಿಗೆ ಸಂಜೆ. ಪಂಚಕಜ್ಜಾಯಕ್ಕೆ ಆ ಹೊತ್ತಿಗೆ ಹೊಟ್ಟೆಯಲ್ಲಿ ಜಾಗ ತೆರವಾಗಿರುತ್ತದೆ. ಕೊಲ್ಲೂರು ರಾತ್ರಿಗೇ ಇರಲಿ. ಅಲ್ಲಿ ರಾತ್ರಿ ಪೂಜೆಯ ಬಳಿಕ ಕಷಾಯ ತೀರ್ಥ ಕೊಡುತ್ತಾರೆ. ಅದು ಪ್ರಸಾದವೋ ಔಷಧವೋ ಎಂದು ಕೇಳುವವರಿದ್ದಾರೆ. ಹಗಲೆಲ್ಲ ನಾವು ಮಾಡಿದ್ದನ್ನು ಕಂಡರೆ ಎರಡೂ ಹೌದು.

ಅಪವಾದ ಒಂದಿದೆ, ಅದನ್ನು ನಕ್ಷೆಗಿಂತ ಮೊದಲು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೋಡಬೇಕು: ಏಕಾದಶಿ. ಅಂದು ಕೃಷ್ಣಮಠದಲ್ಲಿ ಊಟವಿಲ್ಲ, ನಮ್ಮ ಧ್ರುವವೇ ಮಾಯ. ಆಗ ಅವಲಕ್ಕಿ ಫಲಾಹಾರವೇ ಅಲ್ಲವೇ ಎಂಬ ಉಪಾಧಿಕರಣ ಕಟೀಲಿನಲ್ಲೇ ಶುರುವಾಗಿ ಪಡುಬಿದ್ರಿ ದಾಟಿದರೂ ಇತ್ಯರ್ಥವಾಗದು. ಡ್ರೈವರ್ ಈ ವಾದದಲ್ಲಿ ಸೇರುವುದಿಲ್ಲ. ಅವನು ಹೆಜಮಾಡಿಯಲ್ಲೇ ಗಾಡಿ ನಿಲ್ಲಿಸಿ ಎರಡು ಬನ್ಸ್ ತಿಂದಾಗಿರುತ್ತದೆ.